ಆಯಿಗೆಂದು ತರಿಸಿದ ಬ್ರೋಮೆಲೈನ್ ಕ್ಯಾಪ್ಸೂಲ್: ಐದಕ್ಕೆ ಎರಡು ಸ್ಟಾರ್

ಆಯಿಗೆ ಮಂಡಿ ನೋವು, ಮಳೆಗಾಲದಲ್ಲಂತೂ ಜಾಸ್ತಿ. ಶಿರಸಿಯಿಂದ ಬೆಂಗಳೂರಿಗೆ ಬಂದವಳು ನಮ್ಮ ಮನೆಯ ಮೆಟ್ಟಿಲು ಹತ್ತಲು ಒದ್ದಾಡುವುದನ್ನು ನೋಡಲಾಗಲಿಲ್ಲ. ಆನ್‌ಲೈನ್‌ನಲ್ಲಿ ಈ ಡಬ್ಬಿ ತರಿಸಿದೆ. 60 ಕ್ಯಾಪ್ಸೂಲ್, 799 ರೂಪಾಯಿ.

ಬ್ರೋಮೆಲೈನ್ ನನಗೆ ಹೊಸದಲ್ಲ. ಹೋದ ವರ್ಷ ಬುದ್ಧಿಹಲ್ಲು ಕೀಳಿಸಿದಾಗ ಹಲ್ಲಿನ ಡಾಕ್ಟರ್ ಊತ ಇಳಿಯಲೆಂದು ಐದು ದಿನಕ್ಕೆ ಟ್ರಿಪ್ಸಿನ್, ಬ್ರೋಮೆಲೈನ್, ರುಟೋಸೈಡ್ ಮೂರೂ ಇರುವ ಮಾತ್ರೆ ಬರೆದಿದ್ದರು. "ಊಟಕ್ಕೆ ಮುಂಚೆ ಖಾಲಿ ಹೊಟ್ಟೆಗೆ ನುಂಗಿ, ಮುರಿಯಬೇಡಿ" ಅಂದಿದ್ದರು. ಹೊಟ್ಟೆಯ ಆಮ್ಲ ತಾಗದಿರಲಿ ಅಂತ ಅದರ ಮೇಲೊಂದು ಲೇಪ ಇರುತ್ತದೆ. ಮೂರನೇ ದಿನಕ್ಕೆ ಕೆನ್ನೆಯ ಊತ ಇಳಿದಿತ್ತು. ಜೊತೆಗೆ ನೋವಿನ ಮಾತ್ರೆಯೂ ಇತ್ತು, ಹಾಗಾಗಿ ಇದರಿಂದಲೇ ಇಳಿಯಿತು ಅಂತ ಹೇಳಲಾರೆ.

ಬ್ರೋಮೆಲೈನ್ ಅನಾನಸ್‌ನಲ್ಲಿರುವ ಕಿಣ್ವ. ಪ್ರೋಟೀನನ್ನು ಒಡೆಯುವುದು ಅದರ ಕೆಲಸ. ಅನಾನಸ್ ಜಾಸ್ತಿ ತಿಂದರೆ ನಾಲಿಗೆ ಚುರುಚುರು ಅನ್ನುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ. ಹಣ್ಣಿಗಿಂತ ಗಿಡದ ದಿಂಡಿನಲ್ಲಿ ಹೆಚ್ಚು. ಮಾರಾಟಕ್ಕೆ ಬರುವ ಪುಡಿ ಬಹುತೇಕ ಆ ದಿಂಡಿನದೇ. ಬನವಾಸಿ ಸುತ್ತಮುತ್ತ ಅನಾನಸ್ ಹೊಲಗಳನ್ನು ನೋಡುತ್ತಲೇ ಬೆಳೆದವಳು ನಾನು. ದಿಂಡಿನ ವಿಷಯ ಈಗಷ್ಟೇ ಗೊತ್ತಾಯಿತು.

ಡಬ್ಬಿಯ ಮೇಲೆ "500 ಮಿಲಿಗ್ರಾಂ" ಅಂತ ಮಾತ್ರ ಇದೆ. ಕಿಣ್ವಕ್ಕೆ ತೂಕ ಹೇಳಿದರೆ ಸಾಲದು, ಅದು ಎಷ್ಟು ಚುರುಕಾಗಿದೆ ಅನ್ನುವುದೂ ಬೇಕು. ಅದಕ್ಕೆ ಜಿಡಿಯು ಎಂಬ ಅಳತೆ ಇದೆ, ಅಂದರೆ ಜೆಲಾಟಿನ್ ಎಂಬ ಪ್ರೋಟೀನನ್ನು ಅದು ಎಷ್ಟು ಒಡೆಯುತ್ತದೆ ಅನ್ನುವ ಲೆಕ್ಕ. ಕೆಲವು ಡಬ್ಬಿಗಳ ಮೇಲೆ ಗ್ರಾಂಗೆ 2400 ಜಿಡಿಯು ಅಂತ ಬರೆದಿರುತ್ತಾರೆ. ಇದರಲ್ಲಿ ಅದಿಲ್ಲ.

ಹಾಗಾಗಿ ನಾನೇ ನೋಡಿಬಿಡೋಣ ಅಂದುಕೊಂಡೆ. ಜೆಲಾಟಿನ್ ನೀರು ತಣ್ಣಗಾದರೆ ಜೆಲ್ಲಿಯಾಗಿ ಗಟ್ಟಿಯಾಗುತ್ತದೆ, ಕಿಣ್ವ ಚುರುಕಾಗಿದ್ದರೆ ಆಗುವುದಿಲ್ಲ. ಅದು ಪ್ರಾಣಿಮೂಲದ್ದು, ನಮ್ಮ ಮನೆಯಲ್ಲಿ ತರುವುದಿಲ್ಲ. ಚೈನಾ ಗ್ರಾಸ್ ಪ್ರೋಟೀನ್ ಅಲ್ಲ, ಈ ಪರೀಕ್ಷೆಗೆ ಆಗುವುದಿಲ್ಲ. ಕೇಕ್ ಮಾಡುವ ಪಕ್ಕದ ಮನೆಯ ಗೆಳತಿಯ ಅಡುಗೆಮನೆಗೆ ಹೋದೆ. ಮೂರು ಬಟ್ಟಲಿಗೆ ಜೆಲಾಟಿನ್ ನೀರು ಹಾಕಿ, ಆರಿದ ಮೇಲೆ ಒಂದಕ್ಕೆ ಹಸಿ ಅನಾನಸ್, ಒಂದಕ್ಕೆ ಬೇಯಿಸಿದ ಅನಾನಸ್, ಇನ್ನೊಂದಕ್ಕೆ ಒಂದು ಕ್ಯಾಪ್ಸೂಲಿನ ಪುಡಿ ಹಾಕಿ ಫ್ರಿಜ್‌ನಲ್ಲಿಟ್ಟೆವು. ಬೆಳಿಗ್ಗೆ ನೋಡಿದರೆ ಹಸಿ ಹಣ್ಣಿನದು ನೀರು ನೀರಾಗಿಯೇ ಇತ್ತು. ಬೇಯಿಸಿದ್ದು ಗಟ್ಟಿಯಾಗಿತ್ತು, ಬಿಸಿಗೆ ಕಿಣ್ವ ಸಾಯುತ್ತದೆ. ಕ್ಯಾಪ್ಸೂಲಿನದು ಅರೆಬರೆ, ಬಟ್ಟಲು ಓರೆ ಮಾಡಿದರೆ ನಿಧಾನ ಜಾರುತ್ತಿತ್ತು. ಇದು ಅಡುಗೆಮನೆಯ ಪರೀಕ್ಷೆ ಅಷ್ಟೇ. ಪುಡಿಯಲ್ಲಿ ಜೀವ ಇದೆ, ಆದರೆ 799 ರೂಪಾಯಿಯಷ್ಟು ಇದೆ ಅಂತ ನನಗೆ ಅನ್ನಿಸಲಿಲ್ಲ.

ನನ್ನ ದೊಡ್ಡ ದೂರು ಬೇರೆಯೇ. ಹೋದ ದೀಪಾವಳಿಗೆ ಮುಂಚೆ ಆಯಿಗೆ ಸ್ಟೆಂಟ್ ಹಾಕಿದ್ದಾರೆ. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎರಡೂ ನಡೆಯುತ್ತಿವೆ. ಕೊಡುವ ಮೊದಲು ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ. "ಬೇಡವೇ ಬೇಡ" ಅಂದರು. ಈಗಾಗಲೇ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಇದೆ, ಅದರ ಮೇಲೆ ಇದೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರಿಗೂ ಅಷ್ಟೇ. ಆಪರೇಷನ್ ಇದ್ದರೆ ಮುಂಚೆಯೇ ಡಾಕ್ಟರಿಗೆ ಹೇಳಿ ಬ್ರೋಮೆಲೈನ್ ನಿಲ್ಲಿಸಬೇಕು. ಅನಾನಸ್ ಅಲರ್ಜಿ ಇದ್ದವರು ಮುಟ್ಟಲೇಬಾರದು. ಹಣ್ಣು ತಿನ್ನಬಹುದಾ ಅಂತ ಕೇಳಿದೆ. ನಾಲ್ಕು ಹೋಳು ತಿನ್ನಲಿ, ತೊಂದರೆ ಇಲ್ಲ ಅಂದರು.

ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದೆ. ಈ ಎಚ್ಚರಿಕೆಯ ಒಂದು ಮಾತೂ ಇಲ್ಲ. ಮಂಡಿ ನೋವಿಗೆ ಅಂತ ಚಿತ್ರ ಹಾಕಿ ಮಾರುತ್ತಾರೆ. ಮಂಡಿ ನೋವು ಇರುವುದು ವಯಸ್ಸಾದವರಿಗೆ, ಅವರಲ್ಲಿ ಎಷ್ಟೋ ಜನ ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗುವವರೇ ಅಲ್ವಾ? ನಾನು ಫೋನ್ ಮಾಡದಿದ್ದರೆ ಅವತ್ತು ರಾತ್ರಿಯೇ ಕೊಟ್ಟಿರುತ್ತಿದ್ದೆ.

ಹಸಿರು ಚುಕ್ಕೆ ಇದೆ, ಕವಚ ಸಸ್ಯಮೂಲದ್ದು, ಅದಕ್ಕೊಂದು ಸ್ಟಾರ್. ಸೀಲು, ತಾರೀಕು ಸರಿಯಾಗಿದ್ದವು, ಅದಕ್ಕೊಂದು. ತಯಾರಿಸುವವರು ಇದನ್ನು ಓದುತ್ತಿದ್ದರೆ, ಮುಂದಿನ ಡಬ್ಬಿಯ ಮೇಲೆ ಜಿಡಿಯು ಬರೆಯಿರಿ. ಅದಕ್ಕೂ ಮೊದಲು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿ ಅಂತ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಹಾಕಿ. ನನ್ನ ಆಯಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.