ಆರ್ಚರ್ ಸಿ6: ಕುಮಟಾದ ಮಳೆ, ಕರೆಂಟ್ ಕಟ್ ಮತ್ತು ಪಿಪಿಪಿಒಇ

ಟಿಪಿ-ಲಿಂಕ್ ಆರ್ಚರ್ ಸಿ6 ಎಂಬ ವೈಫೈ ರೂಟರ್ ನಮ್ಮ ಕುಮಟಾದ ಮನೆಗೆ ಬಂದು ವರ್ಷಗಳೇ ಆದವು. ಈಗಲೂ ಚೆನ್ನಾಗಿ ಓಡುತ್ತಿದೆ. ಆದರೆ ವೈರ್ ಚುಚ್ಚಿದ ಕೂಡಲೇ ನೆಟ್ ಬರುತ್ತದೆ ಅಂದುಕೊಳ್ಳಬೇಡಿ. ಹೊಸ ರೂಟರ್ ಡೈನಾಮಿಕ್ ಐಪಿ (ಲಾಗಿನ್ ಇಲ್ಲದೇ ತಾನೇ ಕನೆಕ್ಟ್ ಆಗುವ) ಸೆಟ್ಟಿಂಗ್‌ನಲ್ಲಿ ಇರುತ್ತದೆ, ನಮ್ಮ ಫೈಬರ್ ಕನೆಕ್ಷನ್ನಿಗೆ ಬೇಕಿರುವುದು ಪಿಪಿಪಿಒಇ. ಅಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಲಾಗಿನ್ ಆಗಬೇಕು. ಬ್ರೌಸರಿನಲ್ಲಿ 192.168.0.1 ಹೊಡೆದು ಇಂಟರ್ನೆಟ್ ಪೇಜಿನಲ್ಲಿ ಇದನ್ನು ಬದಲಾಯಿಸಿದರೆ ಆಯಿತು, ಐದು ನಿಮಿಷದ ಕೆಲಸ.

ಆ ಪಾಸ್‌ವರ್ಡ್ ಕೈಗೆ ಸಿಗುವುದೇ ಕಷ್ಟ. ಕೇಬಲ್ ಎಳೆಯಲು ಬಂದವರು "ಅದೆಲ್ಲ ನಿಮಗೆ ಎಂತಕ್ಕೆ, ನಾವೇ ಹಾಕಿ ಕೊಡ್ತೇವೆ" ಅನ್ನುತ್ತಾರೆ. ಬಿಡಬೇಡಿ, ಅಲ್ಲೇ ಬರೆದಿಟ್ಟುಕೊಳ್ಳಿ. ನೆಟ್ ಹೋದ ಕೂಡಲೇ ಪಿನ್ ಹಾಕಿ ರೀಸೆಟ್ ಒತ್ತುವವರು ನಮ್ಮ ಕೇರಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಒತ್ತಿದರೆ ಈ ಲಾಗಿನ್ನೂ ಅಳಿಸಿ ಹೋಗುತ್ತದೆ, ಆಮೇಲೆ ಟೆಕ್ನಿಶಿಯನ್ ಬರುವ ತನಕ ಮೊಬೈಲ್ ಡೇಟಾವೇ ಗತಿ. ಸಿಸ್ಟಮ್ ಟೂಲ್ಸ್‌ನಲ್ಲಿ ಬ್ಯಾಕಪ್ ಇದೆ, ಒಮ್ಮೆ ತೆಗೆದಿಡಿ.

ಫೈಬರ್ ಬಂದು ಸೇರುವ ಓಎನ್‌ಯು ಡಬ್ಬಿಯೂ ಸ್ವತಃ ರೂಟರ್ ಆಗಿರಬಹುದು. ಲಾಗಿನ್ ಅದರಲ್ಲೇ ಆಗುತ್ತಿದ್ದರೆ ಸಿ6 ಅನ್ನು ಆಕ್ಸೆಸ್ ಪಾಯಿಂಟ್ (ಬರೀ ವೈಫೈ ಹರಡುವ ಡಬ್ಬಿ) ಮಾಡಿ ಬಿಡಿ. ಸಿ6 ಲಾಗಿನ್ ಮಾಡಬೇಕೆಂದರೆ ಓಎನ್‌ಯು ಬ್ರಿಡ್ಜ್ (ತಾನು ಲಾಗಿನ್ ಆಗದೇ ನೆಟ್ಟನ್ನು ಹಾಗೇ ದಾಟಿಸುವ) ಮೋಡ್‌ನಲ್ಲಿರಬೇಕು. ನನಗೆ ಇಷ್ಟವಾದದ್ದು ಎರಡನೆಯದು, ಹಿಡಿತ ನಮ್ಮ ಕೈಯಲ್ಲೇ ಇರುತ್ತದಲ್ವಾ. ಓಎನ್‌ಯುನಲ್ಲಿ ನೆಟ್ ಕಂಪನಿಯವರು ಹಾಕಿರುವ ವಿಲ್ಯಾನ್ (ಅವರ ಜಾಲದಲ್ಲಿ ನಮ್ಮ ನೆಟ್ಟನ್ನು ಗುರುತಿಸುವ) ನಂಬರನ್ನು ಮಾತ್ರ ಸುಮ್ನೆ ಮುಟ್ಟಲು ಹೋಗಬೇಡಿ.

ಇನ್ನು ಜೂನ್ ಶುರುವಾದರೆ ಕರೆಂಟಿನ ಕತೆ ಗೊತ್ತೇ ಇದೆ. ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಕರೆಂಟ್ ಬಂದು ಲೈಟೆಲ್ಲ ಹಸಿರಾದರೂ ನೆಟ್ ಮಾತ್ರ ಬಾರದೇ ಇದ್ದರೆ ರೂಟರನ್ನು ಬಯ್ಯಬೇಡಿ. ರೂಟರ್ ಏಕಾಏಕಿ ಆಫ್ ಆದದ್ದು ನೆಟ್ ಕಂಪನಿಯ ಸರ್ವರಿಗೆ ಗೊತ್ತಾಗಿರುವುದಿಲ್ಲ, ಹಳೇ ಲಾಗಿನ್ ಇನ್ನೂ ನಡೆಯುತ್ತಿದೆ ಅಂತಲೇ ಅದು ತಿಳಿದಿರುತ್ತದೆ, ಒಂದು ಅಕೌಂಟಿಗೆ ಒಂದೇ ಲಾಗಿನ್ ಅಂತ ಇದ್ದರೆ ಹೊಸದನ್ನು ಒಳಗೆ ಬಿಡುವುದಿಲ್ಲ. ಸ್ವಲ್ಪ ಹೊತ್ತು ಕಾದರೆ ತಾನೇ ಸರಿಹೋಗುತ್ತದೆ. ಕನೆಕ್ಷನ್ ಮೋಡ್ ಆಟೋದಲ್ಲಿ ಇರಬೇಕು ಅಷ್ಟೇ, ಮ್ಯಾನ್ಯುಯಲ್ ಇದ್ದರೆ ಪ್ರತಿಸಲ ನಾವೇ ಹೋಗಿ ಒತ್ತಬೇಕು. ಕೊನೆಗೆ ಒಂದು 12 ವೋಲ್ಟಿನ ಮಿನಿ ಯುಪಿಎಸ್ ತಂದೆ, ಈ ತಲೆನೋವೇ ಹೋಯಿತು. ಓಎನ್‌ಯು, ರೂಟರ್ ಎರಡನ್ನೂ ಅದಕ್ಕೇ ಹಾಕಬೇಕು, ಒಂದಕ್ಕೆ ಹಾಕಿ ಪ್ರಯೋಜನವಿಲ್ಲ. ಓಎನ್‌ಯುನಲ್ಲಿ ಎಲ್‌ಓಎಸ್ (ಫೈಬರ್ ಸಿಗ್ನಲ್ ಇಲ್ಲ ಎನ್ನುವ) ಲೈಟ್ ಕೆಂಪಾದರೆ ಮಾತ್ರ ನಿಮ್ಮ ಸೆಟ್ಟಿಂಗ್‌ನದ್ದು ಏನೂ ಇಲ್ಲ. ಎಲ್ಲೋ ಮರದ ಕೊಂಬೆ ಬಿದ್ದು ಫೈಬರ್ ಕಡಿದಿರುತ್ತದೆ, ಫೋನ್ ಮಾಡಿ.

ಎಂಟಿಯು ಅಂತ ಒಂದು ಅಂಕಿ ಇದೆ, ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ ಗರಿಷ್ಠ ಅಳತೆ, ಇದರಲ್ಲಿ ಪಿಪಿಪಿಒಇಗೆ 1480 ಇಟ್ಟು ಕೊಡುತ್ತಾರೆ. 1492ರವರೆಗೆ ಹೋಗಬಹುದು. ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಡಬ್ಬಿಯ ಮೇಲಿನ 1200 ನೋಡಿ ಮರುಳಾಗಬೇಡಿ. ಅದು 2.4 ಗಿಗಾಹರ್ಟ್ಜ್‌ನ 300, 5 ಗಿಗಾಹರ್ಟ್ಜ್‌ನ 867 ಎಂಬಿಪಿಎಸ್ ಎರಡನ್ನೂ ಕೂಡಿಸಿ, ಸುಮಾರಾಗಿ 1200 ಅಂತ ಬರೆದ ಲೆಕ್ಕ. ನಮ್ಮದು ಚಿರೆಕಲ್ಲಿನ ಗೋಡೆ, ಯಾವ ರೂಟರ್ ತಂದರೂ 5 ಗಿಗಾಹರ್ಟ್ಜ್ ಎರಡನೇ ಗೋಡೆ ದಾಟುವುದು ಕಷ್ಟ. ಅಡುಗೆಮನೆ, ಹಿತ್ತಿಲಿಗೆ 2.4 ಅನ್ನೇ ಹಿಡಿಸಿದ್ದೇನೆ. ಟಿವಿಗೆ ಲ್ಯಾನ್ ವೈರ್.

ಇದು ವೈಫೈ 5 ರೂಟರ್. ಹೊಸದಾಗಿ ಕೊಳ್ಳುವವರು ವೈಫೈ 6 ಇರುವುದನ್ನೂ ನೋಡಿ, ದುಡ್ಡಿನ ವ್ಯತ್ಯಾಸ ಜಾಸ್ತಿ ಇಲ್ಲದಿದ್ದರೆ ಅದನ್ನೇ ತನ್ನಿ. ನಮ್ಮದು 100 ಎಂಬಿಪಿಎಸ್ ಪ್ಲಾನ್, ಸದ್ಯಕ್ಕೆ ಇದನ್ನು ಬದಲಾಯಿಸುವ ಯೋಚನೆ ಇಲ್ಲ.