ಮೇ ತಿಂಗಳ ಮಧ್ಯಾಹ್ನಕ್ಕೆ ಗೋಕರ್ಣವೋ, ಮರವಂತೆಯೋ?

ನಾವು ಐವರು ಗೆಳತಿಯರು. ಎಲ್ಲರೂ ಶಾಲೆಯಲ್ಲಿ ಪಾಠ ಮಾಡುವವರು. ಟಿ.ಸಿ.ಎಚ್. ಓದುವಾಗ ಒಂದೇ ಹಾಸ್ಟೆಲಿನಲ್ಲಿದ್ದೆವು. ಈಗ ಒಬ್ಬಳು ದಾವಣಗೆರೆ, ಒಬ್ಬಳು ಹಾಸನ, ಇಬ್ಬರು ಮೈಸೂರು, ನಾನು ತುಮಕೂರು. ಎಲ್ಲರಿಗೂ ಒಟ್ಟಿಗೆ ಉದ್ದ ರಜೆ ಅಂತ ಸಿಗುವುದು ಬೇಸಿಗೆಯಲ್ಲೇ. ಹಾಗಾಗಿ ಕಡಲ ಕಡೆ ಹೋಗುವುದಿದ್ದರೆ ಬಿಸಿಲಲ್ಲೇ ಹೋಗಬೇಕು. "ಈ ಸೆಖೆಯಲ್ಲಿ ಯಾರಾದರೂ ಸಮುದ್ರಕ್ಕೆ ಹೋಗ್ತಾರಾ?" ಅಂತ ಮನೆಯಲ್ಲಿ ಪ್ರತಿ ಸಲ ಕೇಳುತ್ತಾರೆ. ನಾವು ಹೋಗುತ್ತೇವೆ.

ಹೋದ ವರ್ಷ ಗೋಕರ್ಣದಲ್ಲಿ ಮೂರು ದಿನ ಇದ್ದೆವು. ಈ ವರ್ಷ ಕುಂದಾಪುರದ ಹತ್ತಿರ, ಮರವಂತೆಯಲ್ಲಿ ಮೂರು ದಿನ. ಎರಡು ಸಲವೂ ಮೇ ಎರಡನೇ ವಾರ, ಅದೇ ಐದು ಜನ.

ಸಂಜೆ ಆರು ಗಂಟೆಗೆ ಕರಾವಳಿಯ ಯಾವ ಊರಾದರೂ ಚೆಂದವೇ. ಫೋಟೋಗಳೆಲ್ಲ ಆ ಹೊತ್ತಿನವೇ ಅಲ್ವಾ? ಆದರೆ ಬೇಸಿಗೆಯಲ್ಲಿ ಹೋದವರ ದಿನ ನಿಲ್ಲುವುದು ಬೆಳಗ್ಗೆ 11ರಿಂದ ಮಧ್ಯಾಹ್ನ 4ರವರೆಗಿನ ಐದು ಗಂಟೆಗಳ ಮೇಲೆ. ಆಗ ಎಲ್ಲಿ ಕೂರುತ್ತೀರಿ? ಗಾಳಿ ಬರುತ್ತದಾ? ಕುಡಿಯೋಕೆ ಏನು ಸಿಗುತ್ತದೆ? ಗೆಳತಿಯರ ಜೊತೆ ಬಂದವರಿಗೆ ಸೂರ್ಯಾಸ್ತಕ್ಕಿಂತ ಇದೇ ದೊಡ್ಡದು. ಯಾಕೆಂದರೆ ಮಾತು ನಡೆಯುವುದು ಆ ಹೊತ್ತಿನಲ್ಲೇ. ನಾನು ಎರಡೂ ಊರನ್ನು ಅಳೆದದ್ದು ಹಾಗೆ.

ಮೊದಲು ಗೋಕರ್ಣ. ಬೆಂಗಳೂರಿನಿಂದ ಪಂಚಗಂಗಾ ರೈಲು ಹತ್ತಿದರೆ ಬೆಳಗ್ಗೆ ಗೋಕರ್ಣ ರೋಡ್ ನಿಲ್ದಾಣ. ಅಲ್ಲಿಂದ ಊರು ಇನ್ನೂ ಸುಮಾರು 10 ಕಿ.ಮೀ. ಆಟೋ ಹಿಡಿದು ಹೋದೆವು. ದಾರಿಯಲ್ಲಿ ಗದ್ದೆ, ತೆಂಗು, ಅಲ್ಲಲ್ಲಿ ಉಪ್ಪಿನ ಆಗರ. ಗೋಕರ್ಣದ ಬೆಳಗನ್ನು ಎಷ್ಟು ಹೊಗಳಿದರೂ ಸಾಲದು. ಮಹಾಬಲೇಶ್ವರನ ದರ್ಶನ ಮಾಡಿ ರಥಬೀದಿಗೆ ಬಂದರೆ ಹಾಲಕ್ಕಿ ಸಮುದಾಯದ ಹೆಂಗಸರು ತರಕಾರಿ, ಹೂವು ಇಟ್ಟುಕೊಂಡು ಕೂತಿರುತ್ತಾರೆ. ಕೊರಳು ತುಂಬ ಮಣಿಸರ. ಅವರ ಹತ್ತಿರ ಮಾತಾಡಿಕೊಂಡು ಮಾವಿನಹಣ್ಣು ಕೊಂಡೆವು. ಅಂಕೋಲೆ ಕಡೆಯ ಕರಿ ಈಶಾಡು. ಈ ಹಣ್ಣು ಸಿಗುವುದು ಮೇ ತಿಂಗಳ ಆಸುಪಾಸಿನಲ್ಲೇ. ಸಿಪ್ಪೆ ತೆಳು, ತಿರುಳು ಜಾಸ್ತಿ, ನಾರಿಲ್ಲ. ಬೇಸಿಗೆಯಲ್ಲಿ ಗೋಕರ್ಣಕ್ಕೆ ಹೋಗಲು ಅದೊಂದೇ ಕಾರಣ ಸಾಕು ಅಂದಳು ಹಾಸನದವಳು.

ಕುಡ್ಲೆಯಲ್ಲಿ ಬೆಳಗ್ಗೆ ಆರೂವರೆಯಿಂದ ಒಂಬತ್ತರವರೆಗೆ ನೀರಿನಲ್ಲಿದ್ದೆವು. ಎರಡು ಗುಡ್ಡಗಳ ನಡುವೆ ಕೂತ ಕಡಲು ಅದು. ಮರಳು ನಿಧಾನವಾಗಿ ಇಳಿಯುತ್ತದೆ. ಸೊಂಟದ ಮಟ್ಟದ ನೀರಿನಲ್ಲಿ ಐವರೂ ಕೈ ಹಿಡಿದು ನಿಂತಿದ್ದೆವು. ಮೈಸೂರಿನವಳು ಒಬ್ಬಳು ನಲವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ ಸಮುದ್ರದಲ್ಲಿ ತಲೆ ಮುಳುಗಿಸಿದಳು. ಮೇಲೆದ್ದಾಗ ಅವಳ ಮುಖ ಹೇಗಿತ್ತು ಅಂತ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಮಧ್ಯಾಹ್ನ ಬಂತು. ಗೋಕರ್ಣ ಸೋತದ್ದು ಅಲ್ಲೇ.

ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಹೊರಟೆವು. ಹೊರಟದ್ದೇ ತಡವಾಗಿತ್ತು, ಹತ್ತೂವರೆ. ಅದು ಕೆಂಪು ಕಲ್ಲಿನ ಬೋಳು ಗುಡ್ಡ. ಬಿಸಿಲು ಮೇಲಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ. ಓಂ ಬೀಚ್ ಮೇಲಿನಿಂದ ನೋಡಲು ನಿಜವಾಗಿಯೂ ಓಂಕಾರದ ಹಾಗೇ ಇದೆ. ಆದರೆ ಬಂಡೆಗಳ ಮರೆಯಲ್ಲಿ ಗಾಳಿ ಕಡಿಮೆ. ತಗಡಿನ ಮಾಡಿನ ಹೋಟೆಲೊಂದರಲ್ಲಿ ಕೂತೆವು. ನೆರಳಿತ್ತು, ತಂಪಿರಲಿಲ್ಲ. ಪಕ್ಕದಲ್ಲಿ ಜೋರಾಗಿ ಹಾಡು ಹಾಕಿದ್ದರು. ಮಾತಾಡಬೇಕೆಂದರೆ ಕೂಗಬೇಕಿತ್ತು. ಗಂಟೆಗೊಮ್ಮೆ ಏನಾದರೂ ತರಿಸದಿದ್ದರೆ ಮೇಜು ಹಿಡಿದುಕೊಂಡು ಕೂರುವುದಕ್ಕೆ ಮನಸ್ಸೂ ಒಪ್ಪುವುದಿಲ್ಲ. ರೂಮಿಗೆ ಹೋಗೋಣವೆಂದರೆ ಅಲ್ಲಿ ಮೂರು ಗಂಟೆ ಕರೆಂಟ್ ಇರಲಿಲ್ಲ. ಮಂಚದ ಮೇಲೆ ಸುಮ್ನೆ ಮಲಗಿ ಬೀಸಣಿಗೆ ಬದಲು ನೋಟ್‌ಬುಕ್ ಬೀಸಿಕೊಂಡೆವು. ಆ ಮಧ್ಯಾಹ್ನ ಯಾರೂ ಮಾತಾಡಲಿಲ್ಲ.

ಎರಡನೇ ದಿನ ಬುದ್ಧಿ ಬಂದಿತ್ತು. ಬೆಳಗ್ಗೆಯೇ ಗಾಡಿ ಮಾಡಿಕೊಂಡು ಮಿರ್ಜಾನ್ ಕೋಟೆಗೆ ಹೋದೆವು. ಸುಮಾರು 20 ಕಿ.ಮೀ. ಕರಿಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕೋಟೆ. ದಪ್ಪ ಕೆಂಪು ಕಲ್ಲಿನ ಗೋಡೆಗಳ ನೆರಳಿನಲ್ಲಿ ಹತ್ತು ಗಂಟೆಯವರೆಗೆ ಹಾಯಾಗಿತ್ತು. ಸಮಾಜ ಪಾಠ ಮಾಡುವ ದಾವಣಗೆರೆಯವಳು ಅಲ್ಲೇ ನಮಗೆ ಅರ್ಧ ಗಂಟೆ ಪಾಠ ಮಾಡಿದಳು. ವಾಪಸ್ ಬರುವಾಗ ಹೆದ್ದಾರಿ ಪಕ್ಕ ಕುಮಟಾ ಸಿಹಿ ಈರುಳ್ಳಿಯ ಗೊಂಚಲು ತೂಗುಹಾಕಿದ್ದರು. ಎಲ್ಲರೂ ಒಂದೊಂದು ಗೊಂಚಲು ಕೊಂಡೆವು. ಮಧ್ಯಾಹ್ನ ಒಂದು ಸಣ್ಣ ಊಟದ ಮನೆಯಲ್ಲಿ ಅಪ್ಪೆಹುಳಿ ಸಿಕ್ಕಿತು. ಹುಳಿ ಮಾವಿನಕಾಯಿ ಬೇಯಿಸಿ, ಇಂಗು-ಸಾಸಿವೆ ಒಗ್ಗರಣೆ ಹಾಕಿ, ನೀರಾಗಿ ಮಾಡುವುದು. ಎರಡು ಲೋಟ ಕುಡಿದರೆ ಗಾಢ ನಿದ್ದೆ. ಗೋಕರ್ಣದ ಮಧ್ಯಾಹ್ನಕ್ಕೆ ನಮಗೆ ಸಿಕ್ಕ ಒಳ್ಳೆಯ ಮದ್ದು ಅದೊಂದೇ. ಆದರೆ ನಿದ್ದೆ ಮಾಡೋಕೆ ಅಷ್ಟು ದೂರ ಬಂದಿರಲಿಲ್ಲ ನಾವು.

ಇನ್ನು ಮರವಂತೆ. ಅದೇ ಪಂಚಗಂಗಾ ರೈಲು ಕುಂದಾಪುರಕ್ಕೆ ಬೆಳಕು ಹರಿಯುವ ಮೊದಲೇ ಬರುತ್ತದೆ. ಕತ್ತಲಲ್ಲಿ ಇಳಿಯುವುದು ಸ್ವಲ್ಪ ಕಷ್ಟ. ಗಾಡಿಗೆ ಮೊದಲೇ ಹೇಳಿಡಬೇಕು. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಪಕ್ಕ ಅರಬ್ಬೀ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಇದು ಎಲ್ಲರಿಗೂ ಗೊತ್ತು. ಕಾರು ನಿಲ್ಲಿಸಿ ಹತ್ತು ನಿಮಿಷ ನೋಡಿ ಮುಂದೆ ಹೋಗುತ್ತಾರೆ. ನಾವು ಹೊಳೆಯ ಆಚೆ ಬದಿ, ತೆಂಗಿನ ತೋಟದೊಳಗಿನ ಒಂದು ಹಂಚಿನ ಮನೆಯಲ್ಲಿ ಉಳಿದೆವು. ಎಲ್ಲ ವ್ಯತ್ಯಾಸ ಇದರಿಂದಲೇ ಬಂತು.

ಆ ಮನೆಯ ಮುಂದೆ ಉದ್ದಕ್ಕೆ ಚಿಟ್ಟೆ. ಗೋಡೆಗೆ ಹೊಂದಿಸಿ ಕಟ್ಟಿದ ಜಗಲಿಗೆ ಆ ಕಡೆ ಹಾಗನ್ನುತ್ತಾರೆ. ನಯವಾದ ನೆಲ, ಕೂತರೆ ತಣ್ಣಗೆ. ಹನ್ನೊಂದು ಗಂಟೆ ದಾಟುತ್ತಿದ್ದ ಹಾಗೆ ಕಡಲ ಕಡೆಯಿಂದ ಗಾಳಿ ಏಳುತ್ತದೆ. ನೆಲ ಕಾದಷ್ಟೂ ಆ ಗಾಳಿ ಜೋರು. ಅದು ಹೊಳೆ ದಾಟಿ, ತೆಂಗಿನ ತೋಟ ಹಾದು ಚಿಟ್ಟೆಗೆ ಬರುತ್ತದೆ. ಬೆವರು ಇದ್ದೇ ಇರುತ್ತದೆ, ಕರಾವಳಿ ಅಲ್ವಾ? ಆದರೆ ಕೂರಬಹುದು. ಐದು ಗಂಟೆ ಕೂತೆವು. ಹಾಸ್ಟೆಲಿನ ದಿನಗಳಿಂದ ಶುರುವಾದ ಮಾತು ಹಾಸನದವಳ ಗಂಡನ ಕಾಯಿಲೆಯವರೆಗೆ ಬಂತು. ಅವಳು ಎರಡು ವರ್ಷದಿಂದ ಯಾರಿಗೂ ಹೇಳಿರದ ವಿಷಯ ಅದು. ಹೋದ ವರ್ಷವೂ ನಮ್ಮ ಜೊತೆಗೇ ಇದ್ದಳು. ಹೇಳುವುದಕ್ಕೆ ಜಾಗ ಸಿಕ್ಕಿರಲಿಲ್ಲ.

ಮನೆಯ ಅಮ್ಮ ಕುಂದಾಪ್ರ ಕನ್ನಡದವರು. "ಬನಿ, ಕೂಕಣಿ" ಅಂತ ಕರೆದು ಮೊದಲು ಬೊಂಡ ಕೊಟ್ಟರು. ನಮ್ಮ ಕಡೆ ಎಳನೀರು ಅನ್ನುವುದಕ್ಕೆ ಅಲ್ಲಿ ಬೊಂಡ. ಹನ್ನೆರಡಕ್ಕೆ ಪುನರ್ಪುಳಿ ಶರಬತ್ತು. ಗೋಕರ್ಣದಲ್ಲಿ ಇದೇ ಹಣ್ಣನ್ನು ಮುರುಗಲು ಅಂದಿದ್ದರು. ಊಟಕ್ಕೆ ಕುಚ್ಚಲಕ್ಕಿ ಅನ್ನ, ಮಾವಿನಕಾಯಿ ಹಾಕಿದ ಬೈಗೆ ಮೀನಿನ ಸಾರು, ಒಣ ಚಟ್ಲಿ (ಸಿಗಡಿ) ಚಟ್ನಿ. ಮೈಸೂರಿನ ಇಬ್ಬರು ಮೀನು ತಿನ್ನುವುದಿಲ್ಲ, ಅವರಿಗೆ ಸೌತೆಕಾಯಿ ಹುಳಿ, ತಂಬುಳಿ. ಮೀನೂಟಕ್ಕೆ ಮೇ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಬೋಟುಗಳೆಲ್ಲ ದಡದಲ್ಲಿರುತ್ತವೆ. ಬೆಳಗಿನ ನೀರುದೋಸೆ, ಕಾಯಿಹಾಲಿನ ಬಗ್ಗೆ ಬರೆಯಲು ಹೊರಟರೆ ಇದು ಬೇರೆಯೇ ಬರಹವಾಗುತ್ತದೆ.

ಮರವಂತೆಯ ಕೊರತೆಯನ್ನೂ ಹೇಳಬೇಕು. ಅಲ್ಲಿನ ಸಮುದ್ರ ಇಳಿಯುವುದಕ್ಕಲ್ಲ. ದಡ ಕಡಿದಾಗಿದೆ, ಎಳೆತ ಜಾಸ್ತಿ. ಕಡಲ್ಕೊರೆತ ತಡೆಯಲು ಹಾಕಿದ ದೊಡ್ಡ ದೊಡ್ಡ ಕಲ್ಲುಗಳಿವೆ. ನಾವು ಪಾದ ಒದ್ದೆ ಮಾಡಿಕೊಂಡದ್ದು ಅಷ್ಟೇ. ಕುಡ್ಲೆಯಲ್ಲಿ ತಲೆ ಮುಳುಗಿಸಿದವಳಿಗೆ ಇದು ಬೇಜಾರಾಯಿತು, ಅವಳ ಬೇಜಾರು ನ್ಯಾಯವೇ. ಕಡಲ ಬದಿಯಲ್ಲಿ ಲಾರಿಗಳ ಸದ್ದೂ ಇದೆ. ಸಂಜೆ ಸೂರ್ಯ ಮುಳುಗುವಾಗ ರಸ್ತೆ ಪಕ್ಕದಲ್ಲೇ ನಿಲ್ಲಬೇಕು. ಓಂ ಬೀಚಿನ ಬಂಡೆ ಮೇಲೆ ಕೂತು ನೋಡಿದ ಸಂಜೆ ಇದಕ್ಕಿಂತ ಎಷ್ಟೋ ಮೇಲು.

ಆದರೆ ಸಂಜೆ ಕಳೆದ ಮೇಲೆ ಮತ್ತೆ ಮರವಂತೆಯೇ. ಎರಡನೇ ರಾತ್ರಿ ಪಕ್ಕದ ಊರಿನಲ್ಲಿ ಹರಕೆ ಆಟವಿತ್ತು, ಅಂದರೆ ಹರಕೆಗೆ ಆಡಿಸುವ ಯಕ್ಷಗಾನ. ಮೇಳಗಳ ತಿರುಗಾಟ ಮೇ ಕೊನೆಗೆ ಮುಗಿಯುತ್ತದೆ, ಮಳೆಗಾಲದಲ್ಲಿ ಬಯಲಾಟ ಇರುವುದಿಲ್ಲ. ಗದ್ದೆಯಲ್ಲಿ ರಂಗಸ್ಥಳ, ಮುಂದೆ ಚಾಪೆ, ಹಿಂದೆ ಚರುಂಬುರಿ ಅಂಗಡಿ. ಯಕ್ಷಗಾನದ ಬಡಗು ಶೈಲಿಯಾದ ಬಡಗುತಿಟ್ಟಿನ ಚಂಡೆ ಎದೆಯೊಳಗೇ ಬಡಿದ ಹಾಗಾಗುತ್ತದೆ. ಪರಿಚಯವೇ ಇಲ್ಲದ ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟು, ಯಾರ ವೇಷ ಯಾರದ್ದು ಅಂತ ಹೇಳುತ್ತಾ ಕೂತರು. ರಾತ್ರಿ ಎರಡರವರೆಗೆ ನೋಡಿದೆವು.

ವಾಪಸ್ ರಾತ್ರಿ ರೈಲನ್ನು ಉಡುಪಿಯಲ್ಲಿ ಹಿಡಿಯುವುದಿತ್ತು. ಹಾಗಾಗಿ ಕೊನೆಯ ದಿನ ಮಲ್ಪೆಯನ್ನೂ ನೋಡಿದೆವು. ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಲಾವಾ ತಣ್ಣಗಾಗಿ ಬಿರಿದು ನಿಂತ ಕಲ್ಲಿನ ಕಂಬಗಳನ್ನು ಮಕ್ಕಳಿಗೆ ತೋರಿಸಬೇಕು ಅನ್ನಿಸಿತು. ಆದರೆ ಮಧ್ಯಾಹ್ನಕ್ಕೆ ಅದು ಮೂರನೇ ಸ್ಥಾನ. ತೆಂಗಿನ ಮರಗಳ ನೆರಳು ತೆಳು. ಒಂದು ಗಂಟೆಗಿಂತ ಹೆಚ್ಚು ಅಲ್ಲಿ ನಿಲ್ಲಲಾಗಲಿಲ್ಲ.

ಖರ್ಚಿನಲ್ಲಿ ದೊಡ್ಡ ಅಂತರವಿಲ್ಲ. ರೈಲು ಬಿಟ್ಟು ತಲಾ ಗೋಕರ್ಣಕ್ಕೆ 6,800 ರೂಪಾಯಿ, ಮರವಂತೆಗೆ 5,400. ಗೋಕರ್ಣದಲ್ಲಿ ಜಾಸ್ತಿಯಾದದ್ದು ಆಟೋಗೆ ಮತ್ತು ನೆರಳಿನಲ್ಲಿ ಕೂರಲು ತರಿಸಿದ ಜ್ಯೂಸಿಗೆ.

ಈಜಬೇಕು, ನಡೆಯಬೇಕು ಅನ್ನುವವರಿಗೆ ನಾನು ಗೋಕರ್ಣವನ್ನೇ ಹೇಳುತ್ತೇನೆ, ಆದರೆ ಚಳಿಗಾಲದಲ್ಲಿ. ಮೇನಲ್ಲೇ ಹೋಗುವುದಾದರೆ ಒಂಬತ್ತರೊಳಗೆ ಸಮುದ್ರ ಮುಗಿಸಿ, ಜನರೇಟರ್ ಇದೆಯಾ ಅಂತ ಕೇಳಿಯೇ ರೂಮು ಹಿಡಿಯಿರಿ. ಕೂತು ಮಾತಾಡುವುದೇ ಮುಖ್ಯ ಅನ್ನುವವರಿಗೆ ಮರವಂತೆ, ಅದರಲ್ಲೂ ಹೊಳೆ ಬದಿ.

ತಲೆ ಮುಳುಗಿಸಿದವಳಿಗೋಸ್ಕರ ದಸರಾ ರಜೆಗೆ ಕುಡ್ಲೆಯಲ್ಲಿ ಎರಡು ರೂಮು ಹೇಳಿದ್ದೇವೆ. ಮರವಂತೆಯ ಅಮ್ಮ ಮೊನ್ನೆ ಫೋನ್ ಮಾಡಿದ್ದರು. ನಾವು ಚಿಟ್ಟೆಯ ಮೇಲೆ ಬಿಟ್ಟುಬಂದ ಕನ್ನಡಕ ತೆಗೆದಿಟ್ಟಿದ್ದಾರಂತೆ. ಕಳಿಸುವುದು ಬೇಡ, ಮುಂದಿನ ಮೇನಲ್ಲಿ ಬಂದು ತಗೊಳ್ತೀವಿ ಅಂದೆ.