ಝಾಕುವಿನ ಒಂಟಿಗಣ್ಣಿನ ಜೊತೆ ಐದು ವರ್ಷ

ಗಂಡಮ್ ಅನ್ನುವ ಜಪಾನಿ ಕಾರ್ಟೂನ್ ಸರಣಿಯ ಒಂಟಿಗಣ್ಣಿನ ಯುದ್ಧಯಂತ್ರ ಝಾಕು. ಬಿಡಿ ಭಾಗ ಜೋಡಿಸಿ ಕಟ್ಟುವ ಅದರ ಪ್ಲಾಸ್ಟಿಕ್ ಮಾದರಿ, ಹೈ ಗ್ರೇಡ್ 1/144 ಅಳತೆಯ ಹಸಿರು ಝಾಕು, ನನ್ನ ಮೇಜಿಗೆ ಬಂದು ಐದು ವರ್ಷ ತುಂಬಿತು. ಕಿಟ್ ಕಟ್ಟಿದ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ಎಷ್ಟು ರನ್ನರ್ (ಬಿಡಿ ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು), ಯಾವ್ಯಾವ ಆಯುಧ, ಮೊಣಕೈ ಎಷ್ಟು ಮಡಚುತ್ತದೆ ಅನ್ನುವುದೆಲ್ಲ ಅಲ್ಲೇ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ಅದರ ಕಣ್ಣಿನ ಬಗ್ಗೆ, ಆಮೇಲೆ ನಾನೇ ಕೈಯಾರೆ ಕೆಡಿಸಿದ ಒಂದು ಮಂಡಿಯ ಬಗ್ಗೆ.

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ, ಅದು ಸಿದ್ಧವಾಗುವಷ್ಟರಲ್ಲಿ ಝಾಕುವಿನ ಶಿರಸ್ತ್ರಾಣ ಎತ್ತುತ್ತೇನೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಮೇಲಕ್ಕೆಳೆದರೆ ಟಕ್ ಅಂತ ಬಿಟ್ಟುಕೊಳ್ಳುತ್ತದೆ. ಒಳಗೆ ಕಪ್ಪು ಪಟ್ಟಿ, ಅದರಲ್ಲಿ ಸಾಸಿವೆ ಕಾಳಿನಷ್ಟು ಗುಲಾಬಿ ಬಣ್ಣದ ಕಣ್ಣು. ಚಿಮುಟದ ತುದಿಯಿಂದ ಅದನ್ನು ಎಳ್ಳಷ್ಟು ಆಚೆಗೋ ಈಚೆಗೋ ಸರಿಸಿ, ಶಿರಸ್ತ್ರಾಣ ಮತ್ತೆ ಕೂರಿಸಿ, ಕುರ್ಚಿಯಲ್ಲಿ ಹಿಂದಕ್ಕೊರಗಿ ನೋಡುತ್ತೇನೆ. ಇಷ್ಟೇ. ಒಂದು ನಿಮಿಷದ ಕೆಲಸ. ಮೊದಲ ತಿಂಗಳು ಮತ್ತು ಝಾಕು ಅಟ್ಟದಲ್ಲಿದ್ದ ಎಂಟು ತಿಂಗಳು ಬಿಟ್ಟರೆ, ಐದು ವರ್ಷದಲ್ಲಿ ಇದನ್ನು ತಪ್ಪಿಸಿದ ದಿನಗಳು ಕಡಿಮೆ.

ಮೊದಲ ತಿಂಗಳು ಕಣ್ಣು ನಟ್ಟನಡುವೆಯೇ ಇತ್ತು. ಝಾಕು ಚೆನ್ನಾಗಿತ್ತು, ಆದರೆ ಗೊಂಬೆಯಾಗಿತ್ತು. ಒಂದು ದಿನ ಧೂಳು ಒರೆಸಲು ತಲೆ ಬಿಚ್ಚಿದಾಗ ಬೆರಳು ತಗುಲಿ ಕಣ್ಣು ಎಡಕ್ಕೆ ಜಾರಿದೆ, ನನಗೆ ಗೊತ್ತಾಗಲಿಲ್ಲ. ಸಂಜೆ ದೀಪ ಹಾಕಿದಾಗ ಮೈ ಜುಮ್ಮೆಂದಿತು. ಮುಖ ನನ್ನ ಕಡೆ, ದೃಷ್ಟಿ ಬಾಗಿಲ ಕಡೆ! ಬಾಗಿಲಾಚೆ ಏನೋ ಸದ್ದಾಗಿ ಅದಕ್ಕೆ ಕಿವಿಗೊಟ್ಟಂತಿತ್ತು. ಹುಬ್ಬಿಲ್ಲ, ರೆಪ್ಪೆಯಿಲ್ಲ, ಬಾಯಿಯ ಜಾಗದಲ್ಲಿ ಕೊಳವೆ. ಹಾಗಿದ್ದೂ ಅದಕ್ಕೊಂದು ಭಾವ ಬಂದುಬಿಟ್ಟಿತ್ತು.

ಅಲ್ಲಿಂದ ಕಲಿತಿದ್ದು ಬಹಳ. ಕತ್ತೂ ಕಣ್ಣೂ ಒಂದೇ ಕಡೆ ತಿರುಗಿದರೆ ಝಾಕು ಗುರಿ ಹಿಡಿದಂತೆ ಕಾಣುತ್ತದೆ. ಕತ್ತು ನೇರವಿಟ್ಟು ಕಣ್ಣು ಮಾತ್ರ ಸರಿಸಿದರೆ ಸಂಶಯ. ಕತ್ತು ಬಲಕ್ಕೆ, ಕಣ್ಣು ಎಡದ ಅಂಚಿಗೆ ಬಂದರೆ ಓಡಿಹೋಗುವ ಮುಂಚೆ ಒಮ್ಮೆ ಹಿಂದಿರುಗಿ ನೋಡಿದ ಹಾಗೆ. ಕೈಕಾಲು ಒಂಚೂರೂ ಕದಲಿಸದೆ ಇಷ್ಟೆಲ್ಲ ಆಗುತ್ತದೆ. ಹೊಸಬರು ಪೋಸ್ ಕೊಡಲು ಗಂಟೆಗಟ್ಟಲೆ ಮೊಣಕಾಲು, ಸೊಂಟ ತಿರುಗಿಸುತ್ತಾರೆ. ಮೊದಲು ಕಣ್ಣು ಎಲ್ಲಿ ನೋಡಬೇಕು ಅಂತ ನಿರ್ಧರಿಸಿ, ಮೈ ತಾನಾಗಿ ಹಿಂಬಾಲಿಸುತ್ತದೆ.

ಕಥೆಯ ಒಳಗೂ ಈ ಕಣ್ಣಿಗೆ ಬಲವಾದ ಕಾರಣವಿದೆ. 1979ರಲ್ಲಿ ಜಪಾನಿನ ಟಿವಿಯಲ್ಲಿ ಬಂದ ಮೊಬೈಲ್ ಸೂಟ್ ಗಂಡಮ್ ಸರಣಿಯಲ್ಲಿ ಮಿನೋವ್‌ಸ್ಕಿ ಕಣಗಳು ಅಂತ ಒಂದು ಕಲ್ಪನೆ ಬರುತ್ತದೆ. ಅವನ್ನು ಹರಡಿದ ಕಡೆ ರಾಡಾರ್ ಕುರುಡು, ದೂರದಿಂದ ಗುರಿಯಿಡುವ ಕ್ಷಿಪಣಿಗಳಿಗೆ ದಿಕ್ಕು ತೋಚುವುದಿಲ್ಲ. ಹಾಗಾಗಿ ಯುದ್ಧ ಮತ್ತೆ ಕಣ್ಣಳತೆಗೆ ಇಳಿಯುತ್ತದೆ, ಹತ್ತಿರ ಹೋಗಿ ನೋಡಿ ಹೊಡೆಯುವ ದೈತ್ಯ ಯಂತ್ರಗಳು ಬೇಕಾಗುತ್ತವೆ. ಹದಿನೇಳೂವರೆ ಮೀಟರ್ ಎತ್ತರದ ಆ ಯಂತ್ರಕ್ಕೆ ಕಣ್ಣೇ ಬದುಕು. ನನ್ನ ಮೇಜಿನ ಮೇಲೆ ಅದು ಸುಮಾರು 12 ಸೆಂಟಿಮೀಟರ್. ಅಷ್ಟರಲ್ಲೂ ಕುನಿಯೊ ಒಕವಾರಾ ಅವರ ವಿನ್ಯಾಸದ ತೂಕ ಗೊತ್ತಾಗುತ್ತದೆ: ಎಡ ಭುಜಕ್ಕೆ ಮುಳ್ಳು, ಬಲ ಭುಜಕ್ಕೆ ಗುರಾಣಿ. ಎರಡೂ ಪಕ್ಕ ಒಂದೇ ಥರ ಇಲ್ಲದ್ದರಿಂದ ಯಾವ ಕೋನದಿಂದ ನೋಡಿದರೂ ಬೇರೆಯೇ ಝಾಕು.

ಮೊದಲ ಕಂತಿನಲ್ಲಿ ಮೂರು ಝಾಕುಗಳು ಸೈಡ್ 7 ಅನ್ನುವ ಬಾಹ್ಯಾಕಾಶ ವಸಾಹತಿನೊಳಕ್ಕೆ ಬೇಹಿಗೆ ನುಗ್ಗುತ್ತವೆ. ಎರಡು ಮುಂದೆ ಹೋಗಿ ನಾಯಕನ ಯಂತ್ರವಾದ ಗಂಡಮ್ ಕೈಲಿ ನಾಶವಾಗುತ್ತವೆ. ಕಾವಲಿಗೆ ನಿಂತ ಮೂರನೆಯದು ಎಲ್ಲವನ್ನೂ ನೋಡಿ, ಚಿತ್ರ ಹಿಡಿದು ವಾಪಸು ಹೋಗುತ್ತದೆ. ನನ್ನ ಝಾಕು ಆ ಮೂರನೆಯದು. ಐದು ವರ್ಷದಲ್ಲಿ ಅದರ ಕೈಗೆ ಕೊಡಲಿ ಕೊಟ್ಟಿದ್ದು ಎರಡೋ ಮೂರೋ ಸಲ.

ಹಣದ ವಿಷಯ. ನಾನು ವರ್ಷಕ್ಕೆ ಒಂದೇ ಕಿಟ್ ಕೊಳ್ಳುವವನು, ಪೇಂಟ್ ಹೊಡೆಯುವ ಏರ್‌ಬ್ರಷ್ ನನ್ನಲ್ಲಿಲ್ಲ. ಸರಣಿಯ ಹೆಸರಾಂತ ಪೈಲಟ್ ಶಾರ್‌ನ ಕೊಂಬಿನ ಕೆಂಪು ಝಾಕು ಬಿಟ್ಟು ಹಸಿರು ಆರಿಸಿದ್ದಕ್ಕೆ ಒಂದು ಕಾರಣ ಇದೇ. ಹಸಿರು ಪ್ಲಾಸ್ಟಿಕ್ ಮೇಲೆ ಹೊಳಪಿಲ್ಲದ ಮೇಲ್ಲೇಪನ, ಅಂದರೆ ಮ್ಯಾಟ್ ಟಾಪ್‌ಕೋಟ್ ಒಂದು ಪದರ ಬಿದ್ದರೆ ಆಟಿಕೆಯ ಹೊಳಪು ಹೋಗಿ ಉಕ್ಕಿನ ಮಂಕು ಬರುತ್ತದೆ. ಗುಲಾಬಿ ಮಿಶ್ರಿತ ಕೆಂಪು ನನ್ನ ಕೈಯಲ್ಲಿ ಅಷ್ಟು ಸುಲಭವಾಗಿ ಬಗ್ಗಿಲ್ಲ. ಇನ್ನೊಂದು ಕಾರಣ, ಕೆಂಪು ಝಾಕು ಮೂರು ಪಟ್ಟು ವೇಗದ ವೀರನದು, ಹಸಿರು ಹೆಸರಿಲ್ಲದ ಸಿಪಾಯಿಯದು. ನನಗೆ ಸಿಪಾಯಿಯೇ ಬೇಕಿತ್ತು.

1980ರ ಜುಲೈಯಲ್ಲಿ ಮೊದಲ ಗಂಡಮ್ ಕಿಟ್ 300 ಯೆನ್‌ಗೆ ಬಂದಾಗ ಅಂಟು ಹಚ್ಚಿಯೇ ಕಟ್ಟಬೇಕಿತ್ತು. ಅಷ್ಟರಲ್ಲಿ ಸರಣಿ 43 ಕಂತಿಗೇ ಮುಗಿದು ಆರು ತಿಂಗಳಾಗಿತ್ತು. ಈಗ ಒತ್ತಿದರೆ ಕೂರುತ್ತದೆ. ಆ ಸಲೀಸು ನನ್ನನ್ನು ಮೈಮರೆಸಿತು.

ಎರಡನೇ ವರ್ಷ ಪ್ಯಾನೆಲ್ ಗೆರೆಗಳಿಗೆ, ಅಂದರೆ ಮೈಮೇಲೆ ಕೊರೆದ ಸಣ್ಣ ಗೆರೆಗಳಿಗೆ, ಕಪ್ಪು ತುಂಬಲು ಕೂತೆ. ಎನಾಮೆಲ್ ವಾಶ್ ಅನ್ನುವ ತೆಳ್ಳನೆಯ ಬಣ್ಣ ಕುಂಚದ ತುದಿ ಮುಟ್ಟಿಸಿದೊಡನೆ ಗೆರೆಯುದ್ದಕ್ಕೂ ತಾನೇ ಓಡುತ್ತದೆ. ನೋಡಲು ಅಷ್ಟು ಸೊಗಸು, ನಿಲ್ಲಿಸಲು ಮನಸ್ಸು ಬರುವುದಿಲ್ಲ. ಬಿಡಿ ಭಾಗಗಳಿಗೆ ಹಚ್ಚಿ ಒಣಗಿಸಿ ಆಮೇಲೆ ಜೋಡಿಸಬೇಕಿತ್ತು. ನಾನು ಜೋಡಿಸಿದ ಝಾಕುವನ್ನೇ ಕೈಯಲ್ಲಿ ಹಿಡಿದು ಧಾರಾಳವಾಗಿ ಹಚ್ಚಿದೆ. ಬಲ ಮಂಡಿಯ ಹತ್ತಿರ ತೊಡೆಯ ಎರಡು ಹೋಳುಗಳು ಕೀಲನ್ನು ಬಿಗಿಯಾಗಿ ಕಚ್ಚಿಕೊಂಡಿರುತ್ತವೆ. ಒತ್ತಡದಲ್ಲಿರುವ ಪ್ಲಾಸ್ಟಿಕ್‌ಗೆ ವಾಶ್‌ನಲ್ಲಿರುವ ಥಿನ್ನರ್ ಇಳಿದರೆ ಅದು ಒಳಗಿಂದೊಳಗೇ ಸೀಳುತ್ತದೆ. ರಾತ್ರಿ ಹಚ್ಚಿದ್ದೆ. ಬೆಳಿಗ್ಗೆ ಕಣ್ಣು ಸರಿಸಲು ಹೋದರೆ ಝಾಕು ಪಕ್ಕಕ್ಕೆ ವಾಲಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ತೊಡೆಯ ಅಂಚಿನಿಂದ ಮೇಲಕ್ಕೆ ಕೂದಲೆಳೆಯಂಥ ಬಿರುಕು, ಅದರೊಳಗೆ ನಾನೇ ಬಿಟ್ಟ ಕಪ್ಪು ಬಣ್ಣ ಇಳಿದು ಇನ್ನೂ ಎದ್ದು ಕಾಣುತ್ತಿತ್ತು. ಹೊಟ್ಟೆ ಕಿವುಚಿದಂತಾಯಿತು. ಆ ವರ್ಷದ ನನ್ನ ಏಕೈಕ ಖರೀದಿಯ ದುಡ್ಡು ಆಗಲೇ ಮುಗಿದಿತ್ತು, ಇನ್ನೊಂದು ತರುವ ಮಾತೇ ಇರಲಿಲ್ಲ.

ತೆಳು ಸಿಮೆಂಟ್ ಅನ್ನುವ ಪ್ಲಾಸ್ಟಿಕ್ ಅಂಟು ಬಿಟ್ಟು, ರಬ್ಬರ್ ಬ್ಯಾಂಡ್ ಸುತ್ತಿ ಎರಡು ದಿನ ಬಿಟ್ಟೆ. ಬಿರುಕು ಕೂಡಿಕೊಂಡಿತು, ಬಿಗಿ ಮರಳಲಿಲ್ಲ. ಮಂಡಿ ಭಾರ ತಾಳದು. ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದೆ, ಎಂಟು ತಿಂಗಳು ಮುಟ್ಟಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ಈ ವಿಮರ್ಶೆ ಬರೆದಿದ್ದರೆ ಕೊಳ್ಳಬೇಡಿ ಅಂತಲೇ ಬರೆಯುತ್ತಿದ್ದೆ. ಬಂದೂಕಿನ ಮೇಲೆ, ಮುಂಗೈ ಮೇಲೆ ಕಾಣುವ ಜೋಡಣೆ ಗೆರೆಗಳು, ಸ್ಟಿಕ್ಕರ್‌ಗಳು, ಎಲ್ಲದರ ಮೇಲೂ ಸಿಟ್ಟು ಬಂದಿತ್ತು. ಆ ಗೆರೆಗಳು ಇಂದಿಗೂ ನನಗೆ ಇಷ್ಟವಿಲ್ಲ. ಅಂಟಿಸಿ, 400, 600, 1000ರ ಮರಳುಕಾಗದದಲ್ಲಿ ಕ್ರಮವಾಗಿ ಉಜ್ಜಿದರೆ ಹೋಗುತ್ತವೆ, ತಾಳ್ಮೆ ಬೇಕು.

ಬೇರೇನೋ ಹುಡುಕಲು ಅಟ್ಟ ಹತ್ತಿದಾಗ ಪೆಟ್ಟಿಗೆ ತೆರೆದೆ. ನಿಲ್ಲಲಾರದಲ್ಲ ಅಂತ ಬಲ ಮಂಡಿ ನೆಲಕ್ಕೂರಿ ಕೂರಿಸಿದೆ. ಭಾರವೆಲ್ಲ ಕಣಕಾಲಿನ ಮೇಲೆ ಹೋಯಿತು, ಕೀಲು ಸುಮ್ಮನಾಯಿತು. ಬಂದೂಕನ್ನು ಎಡತೊಡೆಯ ಮೇಲೆ ಅಡ್ಡ ಇಟ್ಟು, ಶಿರಸ್ತ್ರಾಣ ಎತ್ತಿ, ಕಣ್ಣನ್ನು ಬಲದ ಅಂಚಿಗೆ ಸರಿಸಿದೆ. ಎರಡು ವರ್ಷ ನಿಂತ ಝಾಕುವಿನಲ್ಲಿ ನಾನು ಹುಡುಕುತ್ತಿದ್ದ ಕಾವಲುಗಾರ ಅಲ್ಲಿ ಕೂತಿದ್ದ.

ಅಂದಿನಿಂದ ಅದು ಎದ್ದು ನಿಂತಿಲ್ಲ. ಭಾನುವಾರ ಮೃದು ಕುಂಚದಿಂದ ಭುಜದ ಮುಳ್ಳುಗಳ ಬುಡ, ಕೊಳವೆಗಳ ಸಂದು ಝಾಡಿಸುತ್ತೇನೆ. ಕಣ್ಣು ಸರಿಸುವ ಪಟ್ಟಿ ಐದು ವರ್ಷದ ನಂತರವೂ ಸಡಿಲಾಗಿಲ್ಲ, ಇಟ್ಟ ಕಡೆ ನಿಲ್ಲುತ್ತದೆ. ಕೊಳ್ಳುವವರು ಧಾರಾಳವಾಗಿ ಕೊಳ್ಳಿ, ಆದರೆ ಟಾಪ್‌ಕೋಟ್ ಒಣಗುವವರೆಗೆ ವಾಶ್ ಸೀಸೆಯ ಮುಚ್ಚಳ ತೆಗೆಯಬೇಡಿ, ತೆಗೆದಾಗ ಕೀಲುಗಳ ಹತ್ತಿರಕ್ಕೆ ಒಯ್ಯಬೇಡಿ. ಗೆರೆ ಎಳೆಯಲು ಸಣ್ಣ ಪೆನ್ ಸಾಕು.

ಇದನ್ನು ಟೈಪ್ ಮಾಡುವಾಗ ಅದು ಕಿಟಕಿಯ ಕಡೆ ನೋಡುತ್ತಿದೆ. ನಾಳೆ ಬಾಗಿಲ ಕಡೆ ತಿರುಗಿಸುತ್ತೇನೆ.